ಡ್ರಾ ಸಾಕು ಅಂದ್ಕೊಂಡ ತಂಡ: ಆಫ್ರಿಕಾ ಕಪ್ ಕ್ವಾಲಿಫೈಯರ್‌ನ ಒಂದು ಪ್ರಕರಣ

ಇದು 2012ರ ಆಫ್ರಿಕಾ ಕಪ್ ಆಫ್ ನೇಷನ್ಸ್‌ಗೆ ನಡೆದ ಕ್ವಾಲಿಫೈಯರ್‌ನಲ್ಲಿ ಒಂದು ಗ್ರೂಪಿನ ಕಥೆ, ರೂಲ್ ತಪ್ಪಾಗಿ ತಿಳ್ಕೊಂಡು ಡ್ರಾ ಸಾಕು ಅಂತ ಆಡಿದ ಒಂದು ತಂಡ ಟೂರ್ನಿಯಿಂದಲೇ ಹೊರಗೆ ಉಳಿದ ಕಥೆ. ನಡೆದಿದ್ದೆಲ್ಲ ನಿಜ, ಸ್ಕೋರ್‌ಗಳೂ ನಿಜ, ಆದ್ರೆ ತಂಡಗಳ ಹೆಸರು, ಕೋಚ್ ಹೆಸರು, ಆಟಗಾರರ ಹೆಸರು ಬೇಕಂತಲೇ ಹಾಕಿಲ್ಲ. ಫುಟ್‌ಬಾಲ್ ಫಾಲೋ ಮಾಡೋರಿಗೆ ಯಾರು ಅಂತ ಬೇಗ ಗೊತ್ತಾಗ್ಬಹುದು, ಪರವಾಗಿಲ್ಲ. ಹೆಸರು ಬಂದ ತಕ್ಷಣ ಮಾತೆಲ್ಲ ಆ ಕೋಚ್‌ನ ಬೈಯೋ ಕಡೆಗೆ ಹೋಗ್ಬಿಡುತ್ತೆ, ಅದರಿಂದ ಬೇರೆ ತಂಡಕ್ಕೆ ಏನೂ ಸಿಗಲ್ಲ. ನನಗೆ ಮುಖ್ಯ ಅನ್ಸೋದು ಅಂಥ ಅನುಭವಿ ಜನ ಇದ್ದ ಬೆಂಚಲ್ಲಿ ಅಷ್ಟು ದೊಡ್ಡ ತಪ್ಪು ಹೇಗೆ ನುಸುಳ್ತು ಅನ್ನೋದು.

ಗ್ರೂಪಲ್ಲಿ ನಾಲ್ಕು ತಂಡ. ಒಂದನ್ನ ದಕ್ಷಿಣದವರು ಅಂತ ಕರೀತೀನಿ, ಈ ಪ್ರಕರಣ ಅವರದ್ದೇ. ಇನ್ನೊಂದು ಹೊಸಬರು, ಅವರು ಅಲ್ಲಿವರೆಗೆ ಒಂದು ಸಲನೂ ಈ ಟೂರ್ನಿಗೆ ಹೋಗಿರ್ಲಿಲ್ಲ. ಮೂರನೇದು ಕರಾವಳಿಯವರು. ನಾಲ್ಕನೇದು ಚಾಂಪಿಯನ್ನರು, 2006, 2008, 2010 ಮೂರು ಸಲನೂ ಸತತವಾಗಿ ಕಪ್ ಎತ್ತಿದ್ದೋರು. ಪ್ರತಿ ತಂಡಕ್ಕೂ ಆರು ಮ್ಯಾಚ್, ಮೂರು ಮನೇಲಿ ಮೂರು ಹೊರಗೆ, ಗೆದ್ರೆ 3 ಪಾಯಿಂಟ್, ಡ್ರಾ ಆದ್ರೆ 1. ಗ್ರೂಪ್ ಗೆದ್ದವರು ನೇರವಾಗಿ ಟೂರ್ನಿಗೆ, ಎರಡನೇ ಸ್ಥಾನದವರಲ್ಲಿ ತೀರಾ ಚೆನ್ನಾಗಿ ಪಾಯಿಂಟ್ ಮಾಡಿದ ಕೆಲವರಿಗೆ ಮಾತ್ರ ಜಾಗ. ಈ ಗ್ರೂಪಲ್ಲಿ ಯಾರ ಹತ್ರನೂ ಅಷ್ಟು ಪಾಯಿಂಟ್ ಆಗೋ ಹಾಗೆ ಇರ್ಲಿಲ್ಲ, ಹಾಗಾಗಿ ಮೊದಲನೇ ಸ್ಥಾನ ಒಂದೇ ದಾರಿ.

ಸಾಮಾನ್ಯವಾಗಿ ಇಂಥ ಗ್ರೂಪ್ ನೋಡಿದ್ರೆ ಚಾಂಪಿಯನ್ನರು ಮೇಲೆ, ದಕ್ಷಿಣದವರು ಎರಡನೇದು ಅಂತ ಯಾರಾದ್ರೂ ಕಣ್ಣು ಮುಚ್ಚಿ ಹೇಳೋರು. ಆಗಿದ್ದೇ ಬೇರೆ. ಚಾಂಪಿಯನ್ನರು ಮೊದಲ ಐದು ಮ್ಯಾಚಲ್ಲಿ ಒಂದನ್ನೂ ಗೆಲ್ಲಲಿಲ್ಲ. ದಕ್ಷಿಣದವರು ಮಾತ್ರ ಶಿಸ್ತಾಗಿ ಶುರು ಮಾಡಿದ್ರು: ಮನೇಲಿ ಹೊಸಬರ ಮೇಲೆ 2-0, ಕರಾವಳಿಯವರ ಊರಲ್ಲಿ 0-0, 2011ರ ಮಾರ್ಚಲ್ಲಿ ಚಾಂಪಿಯನ್ನರ ಮೇಲೆ ಇಂಜುರಿ ಟೈಮಲ್ಲಿ ಗೋಲ್ ಹೊಡೆದು 1-0, ಆಮೇಲೆ ಚಾಂಪಿಯನ್ನರ ನೆಲದಲ್ಲೇ 0-0. ನಾಲ್ಕು ಮ್ಯಾಚಿಗೆ 8 ಪಾಯಿಂಟ್, ಒಂದೂ ಗೋಲ್ ಬಿಟ್ಕೊಟ್ಟಿಲ್ಲ. ಹೊಸಬರ ಹತ್ರ ಆಗ 6, ಕರಾವಳಿಯವರ ಹತ್ರ 5.

ಈ ದಾಖಲೆ ನೋಡಿದಾಗ ಒಂದು ವಿಷಯ ಎದ್ದು ಕಾಣುತ್ತೆ. ಇದು ಗೋಲ್ ಬಿಡದೆ ಬದುಕೋ ತಂಡ, ಗೋಲ್ ಹೊಡೆದು ಬದುಕೋ ತಂಡ ಅಲ್ಲ. ಆರು ಮ್ಯಾಚ್ ಮುಗಿದಾಗ ಹೊಡೆದಿದ್ದು ಬರೀ 4 ಗೋಲ್, ಬಿಟ್ಟಿದ್ದು 2. ಆರರಲ್ಲಿ ಮೂರು 0-0. ಇಂಥ ತಂಡಕ್ಕೆ ಡ್ರಾ ಅನ್ನೋದು ಸೋಲಿನ ಹಾಗೆ ಕಾಣಲ್ಲ, ಕೆಲಸ ಮುಗಿಸಿದ ಹಾಗೇ ಕಾಣುತ್ತೆ, ಮತ್ತೆ ಈ ಮನಸ್ಥಿತಿ ಕೊನೆ ದಿನ ಕೆಲಸ ಮಾಡ್ತು ಅಂತ ನನ್ನ ಬಲವಾದ ಅಭಿಪ್ರಾಯ.

ಸೆಪ್ಟೆಂಬರ್ ತಿಂಗಳು

ದಕ್ಷಿಣದವರು ಹೊಸಬರ ಊರಿಗೆ ಹೋಗಿ 2-1 ಸೋತರು. ಎಲ್ಲರೂ ಅಕ್ಟೋಬರಲ್ಲಿ ನಡೆದ ಕೊನೆ ಮ್ಯಾಚ್ ಬಗ್ಗೆ ಮಾತಾಡ್ತಾರೆ, ಆದ್ರೆ ಮೊದಲ ತಿರುವು ಇದು. ಇಲ್ಲಿ ಒಂದು ಡ್ರಾ ಮಾಡ್ಕೊಂಡು ಬಂದಿದ್ರೂ ದಕ್ಷಿಣದವರು 9, ಹೊಸಬರು 7 ಆಗಿರೋರು, ಕೊನೆ ಮ್ಯಾಚಲ್ಲಿ ಹೊಸಬರು ಸೋತ ಮೇಲೆ ಡ್ರಾ ನಿಜಕ್ಕೂ ಸಾಕಾಗ್ತಿತ್ತು. ಅದೇ ವಾರ ಕರಾವಳಿಯವರು ಚಾಂಪಿಯನ್ನರನ್ನ 2-1 ಸೋಲಿಸಿದ್ರು. ಐದು ಮ್ಯಾಚ್ ಮುಗಿದಾಗ ಟೇಬಲ್ ಹೀಗಿತ್ತು: ಹೊಸಬರು 9, ದಕ್ಷಿಣದವರು 8, ಕರಾವಳಿಯವರು 8, ಚಾಂಪಿಯನ್ನರು 2, ಅಂದ್ರೆ ಅವರು ರೇಸಿನಿಂದಲೇ ಹೊರಗೆ.

ಉಳಿದಿದ್ದು ಎರಡು ಮ್ಯಾಚ್, ಎರಡೂ 2011ರ ಅಕ್ಟೋಬರ್ 8ಕ್ಕೆ. ದಕ್ಷಿಣದವರು ತಮ್ಮ ಮನೇಲಿ ಕರಾವಳಿಯವರ ಜೊತೆ, ಹೊಸಬರು ಚಾಂಪಿಯನ್ನರ ಊರಲ್ಲಿ. ನಡುವೆ ಒಂದು ತಿಂಗಳ ಮೇಲೆ ಟೈಮಿತ್ತು, ಇದನ್ನ ನೆನಪಿಟ್ಕೊಳ್ಳಿ.

ಸಮಸ್ಯೆ ಎಲ್ಲಿತ್ತು

ಪಾಯಿಂಟ್ ಸಮ ಆದ್ರೆ ಯಾರು ಮೇಲೆ? ಆ ಟೂರ್ನಿಯ ರೂಲ್ ಪ್ರಕಾರ ಮೊದಲು ನೋಡೋದು ಹೆಡ್ ಟು ಹೆಡ್, ಅಂದ್ರೆ ಸಮ ಆಗಿರೋ ತಂಡಗಳು ತಮ್ಮತಮ್ಮಲ್ಲಿ ಆಡಿದ ಮ್ಯಾಚುಗಳಲ್ಲಿ ಯಾರಿಗೆ ಎಷ್ಟು ಪಾಯಿಂಟ್ ಅಂತ. ಎಲ್ಲ ಮ್ಯಾಚುಗಳ ಗೋಲ್ ಡಿಫರೆನ್ಸ್, ಅಂದ್ರೆ ಹೊಡೆದ ಗೋಲಲ್ಲಿ ತಿಂದ ಗೋಲ್ ಕಳೆದ್ರೆ ಉಳಿಯೋದು, ಲೆಕ್ಕಕ್ಕೆ ಬರೋದು ಅದಾದ್ಮೇಲೆ. ದಕ್ಷಿಣದವರ ತಲೇಲಿ ಇದ್ದಿದ್ದು ಉಲ್ಟಾ, ಗೋಲ್ ಡಿಫರೆನ್ಸ್ ಮೊದಲು ಅಂತ.

ಯಾಕೆ ಹಾಗೆ ಅಂದ್ಕೊಂಡ್ರು? ಒಂದು ಕಾರಣ ನನಗೆ ಸ್ಪಷ್ಟವಾಗಿ ಕಾಣುತ್ತೆ. 2010ರ ವಿಶ್ವಕಪ್‌ನಲ್ಲಿ ಗೋಲ್ ಡಿಫರೆನ್ಸೇ ಮೊದಲ ಟೈಬ್ರೇಕರ್ ಆಗಿತ್ತು, ಮತ್ತೆ ಇದೇ ದಕ್ಷಿಣದವರು ಅಲ್ಲಿ 4 ಪಾಯಿಂಟ್ ಮಾಡಿ, ಅಷ್ಟೇ ಪಾಯಿಂಟ್ ಇದ್ದ ಇನ್ನೊಂದು ತಂಡದ ಕೆಳಗೆ ಗೋಲ್ ಡಿಫರೆನ್ಸಿಂದ ಜಾರಿ ಗ್ರೂಪಲ್ಲೇ ಹೊರಗೆ ಬಿದ್ದಿದ್ರು. ಒಂದು ರೂಲಿನಿಂದ ಅಷ್ಟು ನೋವು ತಿಂದೋರಿಗೆ ಮುಂದಿನ ಟೂರ್ನಿಯಲ್ಲಿ ಮೊದಲು ಹೊಳೆಯೋದು ಅದೇ ರೂಲ್, ಇದು ಮನುಷ್ಯ ಸಹಜ. ಆದ್ರೆ ವಿಶ್ವಕಪ್ ನಡೆಸೋದು ಫಿಫಾ, ಆಫ್ರಿಕಾ ಕಪ್ ನಡೆಸೋದು ಆಫ್ರಿಕಾದ ಫುಟ್‌ಬಾಲ್ ಒಕ್ಕೂಟ ಸಿಎಎಫ್, ಇಬ್ಬರ ರೂಲ್ ಬುಕ್ ಬೇರೆ ಬೇರೆ, ಈ ಮಾತು ಡ್ರೆಸ್ಸಿಂಗ್ ರೂಮಲ್ಲಿ ಯಾರಾದ್ರೂ ಒಬ್ಬರು ಗಟ್ಟಿಯಾಗಿ ಹೇಳಿದ್ರೆ ಸಾಕಿತ್ತು.

ಇದರ ಒಳಗೆ ಇನ್ನೂ ಒಂದು ಸೂಕ್ಷ್ಮ ಇದೆ, ಈ ಪ್ರಕರಣದ ಬಗ್ಗೆ ಮಾತಾಡುವಾಗ ಹೆಚ್ಚಿನವರು ಇದನ್ನ ಬಿಟ್ಬಿಡ್ತಾರೆ. ದಕ್ಷಿಣದವರು ಹೆಡ್ ಟು ಹೆಡ್ ರೂಲ್ ಇದೆ ಅಂತ ತಿಳ್ಕೊಂಡಿದ್ರೂ ತಪ್ಪು ಮಾಡೋ ಸಾಧ್ಯತೆ ಇತ್ತು. ಯಾಕಂದ್ರೆ ಹೊಸಬರ ಜೊತೆ ಬರೀ ಇಬ್ಬರ ಲೆಕ್ಕ ಹಾಕಿದ್ರೆ ದಕ್ಷಿಣದವರೇ ಮೇಲೆ: ಮನೇಲಿ 2-0 ಗೆಲುವು, ಹೊರಗೆ 1-2 ಸೋಲು, ಪಾಯಿಂಟ್ ಸಮ, ಗೋಲಲ್ಲಿ 3-2. ನೋಡಿದ ತಕ್ಷಣ ಸಮಾಧಾನ ಆಗುತ್ತೆ. ಆದ್ರೆ ಕೊನೆ ಮ್ಯಾಚ್ ಡ್ರಾ ಆದ್ರೆ ಒಂದು ಪಾಯಿಂಟ್ ಎದುರಾಳಿಗೂ ಹೋಗುತ್ತಲ್ಲ, ಕರಾವಳಿಯವರೂ 8ರಿಂದ 9ಕ್ಕೆ ಬರ್ತಾರೆ, ಅಲ್ಲಿಗೆ ಇದು ಇಬ್ಬರ ಜಗಳ ಅಲ್ಲ ಮೂವರ ಜಗಳ. ಮೂವರ ಮಧ್ಯೆ ಆಡಿದ ಮ್ಯಾಚುಗಳನ್ನ ಮಾತ್ರ ತೆಗೆದು ಒಂದು ಚಿಕ್ಕ ಟೇಬಲ್ ಮಾಡಿದ್ರೆ ಹೊಸಬರು ಇಬ್ಬರನ್ನೂ ತಮ್ಮ ಮನೇಲಿ ಸೋಲಿಸಿ 6 ಪಾಯಿಂಟ್, ದಕ್ಷಿಣದವರಿಗೆ ಹೊಸಬರ ಮೇಲಿನ ಗೆಲುವಿಗೆ 3, ಕರಾವಳಿಯವರ ಜೊತೆಗಿನ ಎರಡು ಡ್ರಾಗೆ 2, ಒಟ್ಟು 5, ಕರಾವಳಿಯವರಿಗೂ ಅದೇ ಲೆಕ್ಕದಲ್ಲಿ 5. ಡ್ರಾ ಮಾಡ್ಕೊಂಡ ಕ್ಷಣದಲ್ಲೇ ಹೊಸಬರು ಮೇಲೆ ಹೋಗ್ತಾರೆ. ಅವರು ಆ ಕಡೆ 10-0 ಸೋತಿದ್ರೂ ಅವರೇ ಮೇಲೆ.

ಆ ದಿನ ಏನೇನಾಯ್ತು

ಮೊದಲಿಗೆ ದಕ್ಷಿಣದವರು ಗೆಲ್ಲೋಕೇ ಇಳಿದಿದ್ರು, ಅದರಲ್ಲಿ ಅನುಮಾನ ಇಲ್ಲ, ಯಾಕಂದ್ರೆ ಯಾವ ರೂಲ್ ಹಿಡಿದ್ರೂ ಗೆಲುವು ಒಳ್ಳೇದೇ. ಗೋಲ್ ಬರ್ಲಿಲ್ಲ. ಆ ಕಡೆಯಿಂದ ಸುದ್ದಿ ಬರೋಕೆ ಶುರುವಾಯ್ತು, ಆಗಲೇ ಹೊರಗೆ ಬಿದ್ದಿದ್ದ ಚಾಂಪಿಯನ್ನರು ಹೊಸಬರ ಮೇಲೆ ಗೋಲ್ ಮೇಲೆ ಗೋಲ್ ಹೊಡೀತಿದ್ದಾರೆ ಅಂತ. ಕೊನೆಗೆ ಅದು 3-0 ಆಯ್ತು.

ಎರಡನೇ ತಿರುವು ಇಲ್ಲಿದೆ. ಈ ಸುದ್ದಿ ಬೆಂಚಿಗೆ ಬಂದಾಗ ಅದನ್ನ ಅವರು ಓದಿದ ರೀತಿ ಹೀಗೆ: ಹೊಸಬರು 9ರಲ್ಲೇ ನಿಂತ್ರು, ನಾವು ಡ್ರಾ ಮಾಡಿದ್ರೆ ನಾವೂ 9, ನಮ್ಮ ಗೋಲ್ ಡಿಫರೆನ್ಸ್ ಪ್ಲಸ್ 2, ಅವರದ್ದು ಈಗ ಮೈನಸ್ 2, ಹಾಗಾಗಿ ಕೆಲಸ ಆಯ್ತು. ಅಲ್ಲಿಂದ ಆಟದ ಗುರಿ ಬದಲಾಗೋಯ್ತು, ಕೊನೆ ಹೊತ್ತಲ್ಲಿ ತಂಡ ಆಟ ನಿಧಾನ ಮಾಡ್ಕೊಂಡು 0-0 ಉಳಿಸ್ಕೊಳ್ಳೋಕೆ ಆಡ್ತು. ಸರಿಯಾದ ರೂಲ್ ಇಟ್ಕೊಂಡು ಅದೇ ಸುದ್ದಿ ಓದಿದ್ರೆ ಅರ್ಥ ಬೇರೇನೇ: ಹೊಸಬರು ಸೋಲ್ತಿದ್ದಾರೆ ಅಂದ್ರೆ ಈಗ ನಮಗೆ ಒಂದೇ ಒಂದು ಗೋಲ್ ಸಾಕು, ಎಲ್ಲರೂ ಮುಂದೆ ಹೋಗಿ. ಸುದ್ದಿ ಒಂದೇ, ಅದು ಒಂದು ರೂಲಲ್ಲಿ ಬ್ರೇಕು, ಇನ್ನೊಂದು ರೂಲಲ್ಲಿ ಆಕ್ಸಿಲರೇಟರ್.

ಬೇಜಾರಿನ ವಿಷಯ ಅಂದ್ರೆ ಎದುರಾಳಿಗೂ ಆ ಡ್ರಾ ಯಾವ ಕೆಲಸಕ್ಕೂ ಬರ್ತಿರ್ಲಿಲ್ಲ. ಕರಾವಳಿಯವರಿಗೂ ಗೆಲುವೇ ಬೇಕಿತ್ತು. ಮೈದಾನದಲ್ಲಿದ್ದ ಎರಡು ತಂಡಗಳಲ್ಲಿ ಯಾರು ಒಂದು ಗೋಲ್ ಹೊಡೆದಿದ್ರೂ 11 ಪಾಯಿಂಟಿಗೆ ಹೋಗಿ ನೇರವಾಗಿ ಟೂರ್ನಿ ಸೇರೋರು, ಯಾವ ಟೈಬ್ರೇಕರೂ ಬೇಡ. ಇಬ್ಬರೂ ಸೇರಿ ಆ ಜಾಗವನ್ನ ಮೈದಾನದಲ್ಲೇ ಇಲ್ಲದ ಮೂರನೆಯವರಿಗೆ ಬಿಟ್ಕೊಟ್ರು.

ವಿಸಿಲ್ ಆಯ್ತು. ದಕ್ಷಿಣದವರು ಸಂಭ್ರಮಿಸಿದ್ರು, ಆಟಗಾರರು ಕುಣಿದ್ರು, ಮೈದಾನದ ಸುತ್ತ ಓಡಿ ಜನಕ್ಕೆ ಕೈ ಬೀಸಿದ್ರು. ಅವರ ದೇಶದ ಸರ್ಕಾರಿ ಟಿವಿ ಕೂಡ ತಂಡ ಕ್ವಾಲಿಫೈ ಆಯ್ತು ಅಂತಾನೇ ಹೇಳ್ತು. ತಂಡ, ಸ್ಟೇಡಿಯಂ, ಟಿವಿ, ಎಲ್ಲರೂ ಒಂದೇ ತಪ್ಪು ನಂಬಿಕೇಲಿ ಇದ್ರು, ಅದಕ್ಕೇ ಯಾರೂ ಯಾರನ್ನೂ ತಿದ್ದಲಿಲ್ಲ. ಸ್ವಲ್ಪ ಹೊತ್ತಾದ್ಮೇಲೆ ನಿಜ ಗೊತ್ತಾಯ್ತು: ಗ್ರೂಪ್ ಗೆದ್ದಿದ್ದು ಹೊಸಬರು. 3-0 ಸೋತ ದಿನ, ಗ್ರೂಪಿನ ನಾಲ್ಕೂ ತಂಡಗಳಲ್ಲಿ ಎಲ್ಲಕ್ಕಿಂತ ಕೆಟ್ಟ ಗೋಲ್ ಡಿಫರೆನ್ಸ್ ಇಟ್ಕೊಂಡು, ಅವರು ತಮ್ಮ ದೇಶದ ಚರಿತ್ರೇಲೇ ಮೊದಲ ಸಲ ಆಫ್ರಿಕಾ ಕಪ್‌ಗೆ ಹೋದ್ರು.

ಕೋಚ್ ರೂಲ್ ತಪ್ಪಾಗಿ ತಿಳ್ಕೊಂಡಿದ್ದನ್ನ ಒಪ್ಕೊಂಡ್ರು. ಅವರ ಫೆಡರೇಷನ್ ಮೊದಲು ಸಿಎಎಫ್‌ಗೆ ದೂರು ಕೊಡ್ತು, ಆಮೇಲೆ ಕೆಲವೇ ದಿನದಲ್ಲಿ ವಾಪಸ್ ತಗೊಂಡು ದೇಶದ ಜನರ ಕ್ಷಮೆ ಕೇಳ್ತು.

ರೂಲೇ ಅನ್ಯಾಯ ಅಲ್ವಾ ಅಂತ ಆಗಲೂ ಕೇಳಿದ್ರು, ಈಗಲೂ ಕೇಳೋರಿದ್ದಾರೆ. ನನಗೆ ಹಾಗೆ ಅನ್ಸಲ್ಲ. ಗೋಲ್ ಡಿಫರೆನ್ಸ್ ಮೊದಲು ಇದ್ದಿದ್ರೆ ಈ ಗ್ರೂಪ್ ತೀರ್ಮಾನ ಆಗ್ತಿದ್ದಿದ್ದು, ಆಗಲೇ ಹೊರಗೆ ಬಿದ್ದಿದ್ದ ಚಾಂಪಿಯನ್ನರು ಹೊಸಬರ ಮೇಲೆ ಎಷ್ಟು ಗೋಲ್ ಹೊಡೆದ್ರು ಅನ್ನೋದರ ಮೇಲೆ. ದಕ್ಷಿಣದವರ ಆಟಕ್ಕೂ ಅದಕ್ಕೂ ಏನು ಸಂಬಂಧ? ಗೋಲ್ ಲೆಕ್ಕದ ರೂಲ್ ಎಲ್ಲಿಗೆ ಹೋಗ್ಬಹುದು ಅಂತ ನೋಡ್ಬೇಕು ಅಂದ್ರೆ 1983ರ ಡಿಸೆಂಬರ್ ನೆನಪು ಮಾಡ್ಕೊಳ್ಳಿ. ಯೂರೋ 1984ರ ಕ್ವಾಲಿಫೈಯರ್‌ನ ಕೊನೆ ಮ್ಯಾಚಲ್ಲಿ ನೆದರ್‌ಲ್ಯಾಂಡ್ಸ್‌ನ ದಾಟೋಕೆ ಸ್ಪೇನ್‌ಗೆ ಮಾಲ್ಟಾ ಮೇಲೆ 11 ಗೋಲ್ ಅಂತರದ ಗೆಲುವು ಬೇಕಿತ್ತು, ಹಾಫ್ ಟೈಮಿಗೆ 3-1 ಇದ್ದಿದ್ದು 12-1ರಲ್ಲಿ ಮುಗೀತು, ಮನೇಲಿ ಕೂತಿದ್ದ ನೆದರ್‌ಲ್ಯಾಂಡ್ಸ್ ಹೊರಗೆ ಬಿತ್ತು. ಹೆಡ್ ಟು ಹೆಡ್‌ನಲ್ಲಿ ಕನಿಷ್ಠ ನೀನು ನಿನ್ನ ಪೈಪೋಟಿಯವರನ್ನ ಎದುರಿಗೆ ನಿಂತು ಹೇಗೆ ಆಡಿದೆ ಅನ್ನೋದು ಲೆಕ್ಕಕ್ಕೆ ಬರುತ್ತೆ. ಹೊಸಬರು ಮನೇಲಿ ಮೂರಕ್ಕೆ ಮೂರೂ ಗೆದ್ದಿದ್ರು, ಚಾಂಪಿಯನ್ನರನ್ನೂ ಸೇರಿಸಿ. ಅವರು ಆ ಜಾಗ ಸಂಪಾದಿಸಿದ್ದು ಸ್ವಂತ ಆಟದಿಂದ.

ಏನು ಕಲೀಬಹುದು

ಮೊದಲನೇದು, ಈ ಲೆಕ್ಕ ಕೊನೆ ದಿನ ಮೊಬೈಲ್ ನೋಡ್ಕೊಂಡು ಹಾಕೋ ಲೆಕ್ಕ ಆಗಿರ್ಲಿಲ್ಲ. ಒಂದು ತಿಂಗಳ ಮುಂಚೆನೇ ಒಂದು ಹಾಳೇಲಿ ಮುಗಿಸ್ಬಹುದಿತ್ತು. ಕೊನೆ ದಿನ ಎರಡು ಮ್ಯಾಚ್, ಒಂದೊಂದಕ್ಕೂ ಮೂರು ಫಲಿತಾಂಶ, ಒಟ್ಟು ಒಂಬತ್ತು ಚೌಕ. ದಕ್ಷಿಣದವರು ಗೆದ್ದು ಹೊಸಬರು ಸೋತ್ರೆ ದಕ್ಷಿಣದವರು, ಹೊಸಬರು ಡ್ರಾ ಮಾಡಿದ್ರೆ ಅವರು 10ಕ್ಕೆ ನಿಲ್ತಾರೆ, ಆಗಲೂ ದಕ್ಷಿಣದವರು, ಹೊಸಬರು ಗೆದ್ರೆ 12, ಹೊಸಬರೇ. ಕರಾವಳಿಯವರು ಗೆದ್ರೆ ಇದೇ ಲೆಕ್ಕ ಅವರ ಹೆಸರಲ್ಲಿ. ಡ್ರಾ ಆದ್ರೆ ಮೂರೂ ಚೌಕದಲ್ಲಿ ಹೊಸಬರು. ಒಂಬತ್ತರಲ್ಲಿ ಐದು ಹೊಸಬರಿಗೆ, ಎರಡು ದಕ್ಷಿಣದವರಿಗೆ, ಎರಡು ಕರಾವಳಿಯವರಿಗೆ. ಗೋಲ್ ಎಷ್ಟು ಅನ್ನೋ ಪ್ರಶ್ನೆ ಒಂದು ಚೌಕದಲ್ಲೂ ಬರಲ್ಲ. ಈ ಹಾಳೆ ಡ್ರೆಸ್ಸಿಂಗ್ ರೂಮ್ ಗೋಡೆ ಮೇಲೆ ಇದ್ದಿದ್ರೆ ಡ್ರಾ ಅನ್ನೋ ಸಾಲಿನಲ್ಲಿ ತಮ್ಮ ಹೆಸರೇ ಇಲ್ಲ ಅನ್ನೋದು ಎಲ್ಲ ಆಟಗಾರರಿಗೂ ಕಾಣ್ತಿತ್ತು.

ಎರಡನೇದು, ಈ ಹಾಳೆ ಯಾರ ಕೆಲಸ? ಕೋಚ್ ಕೆಲಸ ಅಂತ ಬಿಟ್ಬಿಟ್ರೆ ಆಗಲ್ಲ, ಅವರ ತಲೇಲಿ ಯಾರು ಆಡ್ಬೇಕು, ಯಾರಿಗೆ ಗಾಯ, ಎದುರಾಳಿ ಹೇಗೆ ಬರ್ತಾರೆ ಅನ್ನೋದೇ ತುಂಬಿರುತ್ತೆ. ಅದೇ ಕೋಚ್ ಮುಂದೆ ಕ್ಲಬ್ ಫುಟ್‌ಬಾಲ್‌ನಲ್ಲಿ ಸಿಎಎಫ್ ಚಾಂಪಿಯನ್ಸ್ ಲೀಗ್ ಮೂರು ಸಲ ಗೆದ್ದರು, ಹಾಗಾಗಿ ಇದು ಆಟ ಗೊತ್ತಿಲ್ಲದವರು ಮಾಡಿದ ತಪ್ಪಲ್ಲ. ರೂಲ್ ಬುಕ್ ಓದೋದು, ಸಿಎಎಫ್‌ಗೆ ಪತ್ರ ಬರೆದು ಖಚಿತ ಮಾಡ್ಕೊಳ್ಳೋದು, ಬೆಂಚಲ್ಲಿ ಕೂತು ಆ ಕಡೆ ಸ್ಕೋರಿಗೆ ತಕ್ಕಂತೆ ಹೇಳೋದು, ಇದಕ್ಕೆ ಹೆಸರು ಹಿಡಿದು ಒಬ್ಬ ವ್ಯಕ್ತಿ ಇರ್ಬೇಕು. ಎಲ್ಲರಿಗೂ ಗೊತ್ತಿರುತ್ತೆ ಬಿಡು ಅಂತ ಎಲ್ಲರೂ ಅಂದ್ಕೊಂಡ ಕಡೆ ಯಾರಿಗೂ ಗೊತ್ತಿರಲ್ಲ. ಅವರು ಬೆಂಚಿಗೆ ಹೇಳೋ ಮಾತೂ ಮುಖ್ಯ. "ಅವರು ಮೂರು ಗೋಲ್ ತಿಂದ್ರು" ಅಂದ್ರೆ ಕೇಳಿದವನು ತನಗೆ ಬೇಕಾದ ಅರ್ಥ ಮಾಡ್ಕೊಳ್ತಾನೆ. "ನಮಗೆ ಇನ್ನೂ ಒಂದು ಗೋಲ್ ಬೇಕು" ಅಂದ್ರೆ ಅರ್ಥ ಒಂದೇ.

ರೂಲ್‌ನ ಪೂರ್ತಿ ಅರಗಿಸ್ಕೊಂಡ ತಂಡ ಹೇಗಿರುತ್ತೆ ಅನ್ನೋಕೂ ಒಂದು ಉದಾಹರಣೆ ಇದೆ. 1994ರ ಜನವರಿಯಲ್ಲಿ ಕೆರಿಬಿಯನ್ ಕಪ್ ಕ್ವಾಲಿಫೈಯರ್, ಬಾರ್ಬಡೋಸ್ ಮತ್ತು ಗ್ರೆನಡಾ. ಬಾರ್ಬಡೋಸ್‌ಗೆ ಎರಡು ಗೋಲ್ ಅಂತರದ ಗೆಲುವು ಬೇಕು, ಸ್ಕೋರ್ 2-1, ಟೈಮ್ ಮುಗೀತಾ ಬಂತು. ಆ ಟೂರ್ನಿಯಲ್ಲಿ ಎಕ್ಸ್‌ಟ್ರಾ ಟೈಮಲ್ಲಿ ಹೊಡೆದ ಗೋಲ್ಡನ್ ಗೋಲ್ (ಹೊಡೆದ ಕ್ಷಣಕ್ಕೇ ಮ್ಯಾಚ್ ಮುಗಿಸೋ ಗೋಲ್) ಎರಡು ಗೋಲಿಗೆ ಸಮ ಅನ್ನೋ ವಿಚಿತ್ರ ರೂಲ್ ಇತ್ತು. ಬಾರ್ಬಡೋಸ್‌ನವರು ಮ್ಯಾಚನ್ನ ಎಕ್ಸ್‌ಟ್ರಾ ಟೈಮಿಗೆ ಎಳೆಯೋಕೆ ತಮ್ಮ ಗೋಲಿಗೇ ಬಾಲ್ ಹೊಡೆದು 2-2 ಮಾಡಿದ್ರು, ಒಂದು ಗೋಲಲ್ಲಿ ಸೋತ್ರೂ ಸಾಕಿದ್ದ ಗ್ರೆನಡಾದವರಿಗೆ ವಿಷಯ ಹೊಳೆದು ಯಾವ ಕಡೆಯಾದ್ರೂ ಒಂದು ಗೋಲ್ ಹೊಡೆಯೋಕೆ ಓಡಿದ್ರು, ಬಾರ್ಬಡೋಸ್ ಎರಡೂ ಗೋಲ್‌ಪೋಸ್ಟ್ ಕಾದು, ಎಕ್ಸ್‌ಟ್ರಾ ಟೈಮಲ್ಲಿ ಗೋಲ್ ಹೊಡೆದು 4-2 ಅಂತ ಗೆದ್ರು. ಆ ರೂಲ್ ಚೆನ್ನಾಗಿರ್ಲಿಲ್ಲ, ನನಗೂ ಇಷ್ಟ ಇಲ್ಲ, ಆದ್ರೆ ಮೈದಾನದಲ್ಲಿದ್ದ ಆಟಗಾರರಿಗೆ ಏನು ಬೇಕು ಅನ್ನೋದು ನಿಮಿಷ ನಿಮಿಷಕ್ಕೂ ಗೊತ್ತಿತ್ತು.

ಇನ್ನು ಡ್ರಾಗೆ ಆಡೋ ವಿಷಯ. ದಕ್ಷಿಣದವರು ರೂಲ್ ಸರಿಯಾಗಿ ತಿಳ್ಕೊಂಡಿದ್ದು, ಡ್ರಾ ನಿಜಕ್ಕೂ ಸಾಕಾಗಿದ್ದಿದ್ರೂ, ಆ ನಿರ್ಧಾರ ಸುರಕ್ಷಿತ ಆಗ್ತಿರ್ಲಿಲ್ಲ ಅಂತ ನಾನು ಹೇಳ್ತೀನಿ. ನಮ್ಮ ಭಾರತ ತಂಡದ್ದೇ ಇದೆಯಲ್ಲ, 2019ರ ಏಷ್ಯನ್ ಕಪ್, ಶಾರ್ಜಾದಲ್ಲಿ ಬಹ್ರೇನ್ ಜೊತೆ ಗ್ರೂಪಿನ ಕೊನೆ ಮ್ಯಾಚ್. ಥಾಯ್ಲೆಂಡ್ ಮೇಲೆ 4-1 ಗೆದ್ದಿದ್ದ ಕಾರಣ ಹೆಡ್ ಟು ಹೆಡ್ ನಮ್ಮ ಕಡೆ ಇತ್ತು, ಡ್ರಾ ಮಾಡಿದ್ರೆ ಮುಂದಿನ ಹಂತ ಖಚಿತ, ಇಲ್ಲಿ ರೂಲ್ ಓದೋದ್ರಲ್ಲಿ ತಪ್ಪಿರ್ಲಿಲ್ಲ. 90 ನಿಮಿಷ 0-0 ಹಿಡಿದ್ರು, 91ನೇ ನಿಮಿಷಕ್ಕೆ ಪೆನಾಲ್ಟಿಯಲ್ಲಿ ಗೋಲ್ ತಿಂದ್ರು, ತಂಡ ಗ್ರೂಪಿನ ತಳಕ್ಕೆ ಬಂತು. ಎರಡನೇ ಸ್ಥಾನದಿಂದ ನಾಲ್ಕನೇ ಸ್ಥಾನಕ್ಕೆ, ಒಂದೇ ಕಿಕ್‌ಗೆ. ಡ್ರಾ ಸಾಕು ಅನ್ನೋ ದಿನ ಒಂಬತ್ತು ಚೌಕದ ಹಾಳೆ ಜೊತೆಗೆ ಇನ್ನೊಂದು ಪ್ರಶ್ನೆನೂ ಬರೆದಿಡ್ಬೇಕು: ಕೊನೆ ಐದು ನಿಮಿಷದಲ್ಲಿ ಒಂದು ಗೋಲ್ ತಿಂದ್ರೆ ತಿರುಗಿ ಹೊಡೆಯೋಕೆ ನಮ್ಮ ಹತ್ರ ಮೈದಾನದಲ್ಲಿ ಯಾರು ಉಳಿದಿರ್ತಾರೆ, ಬೆಂಚಲ್ಲಿ ಯಾರು ಇರ್ತಾರೆ? ಸ್ಟ್ರೈಕರ್‌ನ ಹೊರಗೆ ಕರ್ಕೊಳ್ಳೋ ಮುಂಚೆ ಇದಕ್ಕೆ ಉತ್ತರ ಇರ್ಬೇಕು.